ಮಡಿಚಿದ ಟೋರ್ಟಿಯಾ ಮತ್ತು ಮಾನ್ಯ ನ್ಯಾಯಾಲಯ

ರಾತ್ರಿ ಹತ್ತೂವರೆಗೆ ಹೊಟ್ಟೆ ತಾಳ ಹಾಕತೊಡಗಿದರೆ ಮನುಷ್ಯ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಎಣ್ಣೆ ಸವರದ ಕಾವಲಿಯನ್ನು ನಡು ಉರಿಯ ಮೇಲಿಟ್ಟು, ಅದು ಕಾದೊಡನೆ ಮೆಕ್ಸಿಕೊದವರ ತೆಳುರೊಟ್ಟಿಯಾದ ಟೋರ್ಟಿಯಾ ಒಂದನ್ನು ಹಾಸಿ, ಅದರ ಅರ್ಧ ಭಾಗಕ್ಕೆ ಮಾತ್ರ ಒಂದು ಹಿಡಿ ತುರಿದ ಚೀಸನ್ನೂ ತಂಗಳುಪೆಟ್ಟಿಗೆಯಲ್ಲಿ ಉಳಿದುಕೊಂಡಿದ್ದ ಬೆಂದ ಬೀನ್ಸ್ ಕಾಳನ್ನೂ ಉದುರಿಸಿ, ಚೀಸಿನ ಅಂಚು ಬೆವರತೊಡಗಿದಾಗ ಖಾಲಿ ಬಿಟ್ಟ ಅರ್ಧವನ್ನು ಅದರ ಮೇಲೆ ಮಡಿಚಿ, ಸಟ್ಟುಗದಿಂದ ಮೆಲ್ಲಗೆ ಅದುಮಿ, ಎರಡೂ ಮೈಗೆ ಕಂದು ಚುಕ್ಕೆ ಬೀಳುವವರೆಗೆ ಕಾದರೆ ಕೆಲಸ ಮುಗಿಯಿತು. ಅಂಚಿನಿಂದ ಹೊರಕ್ಕೆ ಹರಿದ ಚೀಸು ಕಾವಲಿಗೆ ತಾಗಿ ಚುರ್ರೆಂದು ಜಾಲರಿಯ ಹಾಗೆ ಗರಿಗಟ್ಟುತ್ತದಲ್ಲ, ಇಡೀ ಪದಾರ್ಥದಲ್ಲಿ ತಿನ್ನಲು ಯೋಗ್ಯವಾದದ್ದು ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದದ್ದು ಆ ಜಾಲರಿಯನ್ನು ಹಿಡಿದುಕೊಳ್ಳಲು ಇರುವ ಹಿಡಿಕೆ. ಎಲ್ಲ ಸೇರಿ ನಾಲ್ಕು ನಿಮಿಷ.

ಆದರೆ ನಾನು ಕಾನೂನಿಗೆ ತಲೆಬಾಗುವ ಪ್ರಜೆ. ಬಾಯಿಗಿಡುವ ಮುನ್ನ ಆ ಪದಾರ್ಥದ ಕಾನೂನಾತ್ಮಕ ಸ್ಥಾನಮಾನವೇನೆಂಬುದು ತಿಳಿದಿರಬೇಕೆಂಬ ಶಿಸ್ತನ್ನು ರೂಢಿಸಿಕೊಂಡವನು. ಮಡಿಚಿದ ಟೋರ್ಟಿಯಾದ ವಿಷಯದಲ್ಲಿ ಇಂತಹ ಶಿಸ್ತು ಯಾಕೆ ಬೇಕೆಂದು ನಗುವವರು, ಈ ನಾಲ್ಕು ನಿಮಿಷದ ತಿಂಡಿಗಾಗಿ ಅಮೆರಿಕದ ನ್ಯಾಯಾಲಯಗಳೂ ತೆರಿಗೆ ಇಲಾಖೆಯೂ ಕೃಷಿ ಇಲಾಖೆಯೂ ವ್ಯಾಪಾರಮುದ್ರೆಯ ಕಚೇರಿಯೂ ಎಷ್ಟೆಷ್ಟು ತಲೆ ಕೆಡಿಸಿಕೊಂಡಿವೆಯೆಂಬುದನ್ನು ಅರಿಯದ ನಿಶ್ಚಿಂತ ಜೀವಿಗಳು. ನಾನು ಅರಿತವನು. ಹಾಗಾಗಿ ಆ ರಾತ್ರಿ ಟೋರ್ಟಿಯಾವನ್ನು ಕಾವಲಿಗೆ ಹಾಕಿ, ಸಟ್ಟುಗವನ್ನು ಬಲಗೈಯಲ್ಲಿಯೂ ತೀರ್ಪನ್ನು ಎಡಗೈಯಲ್ಲಿಯೂ ಹಿಡಿದು ನಿಂತೆ.

ಮೊದಲ ತೀರ್ಪು ಮ್ಯಾಸಚೂಸೆಟ್ಸ್ ರಾಜ್ಯದ್ದು. ಅಲ್ಲಿನ ಶ್ರೂಸ್‌ಬರಿ ಎಂಬ ಊರಿನ ಒಂದು ವ್ಯಾಪಾರ ಸಂಕೀರ್ಣದಲ್ಲಿ ಪನೇರಾ ಬ್ರೆಡ್ ಹೆಸರಿನ ಅಂಗಡಿ ನಡೆಸುತ್ತಿದ್ದವರು, ಇದೇ ಸಂಕೀರ್ಣದಲ್ಲಿ ಮತ್ತೊಂದು ಸ್ಯಾಂಡ್‌ವಿಚ್ ಅಂಗಡಿಗೆ ಮಳಿಗೆ ಕೊಡಕೂಡದೆಂಬ ಷರತ್ತನ್ನು ಬಾಡಿಗೆ ಕರಾರಿನಲ್ಲಿ ಬರೆಸಿಕೊಂಡಿದ್ದರು. ಮಾಲೀಕರು ಕ್ಡೋಬಾ ಎಂಬ ಮೆಕ್ಸಿಕನ್ ಮಾದರಿಯ ಹೋಟೆಲಿಗೆ ಮಳಿಗೆ ಕೊಡಹೊರಟಾಗ, ಟೋರ್ಟಿಯಾದಲ್ಲಿ ಭರ್ತಿಯಿಟ್ಟು ಸುತ್ತಿದ ಬುರಿಟೊ ಕೂಡ ಸ್ಯಾಂಡ್‌ವಿಚ್ಚೇ ಆಗಿರುವುದರಿಂದ ಕರಾರು ಮುರಿದಂತಾಯಿತೆಂದು ಇವರು ತಕರಾರು ತೆಗೆದರು. ವ್ಯಾಜ್ಯ ವೂಸ್ಟರ್ ನಗರದ ಸುಪೀರಿಯರ್ ನ್ಯಾಯಾಲಯದ ಮೆಟ್ಟಿಲೇರಿತು. ಒಬ್ಬ ಹೆಸರಾಂತ ಬಾಣಸಿಗರೂ ಕೃಷಿ ಇಲಾಖೆಯ ಮಾಜಿ ಅಧಿಕಾರಿಯೊಬ್ಬರೂ ಪ್ರಮಾಣಪತ್ರ ಸಲ್ಲಿಸಿ, ಬುರಿಟೊ ಸ್ಯಾಂಡ್‌ವಿಚ್ ಅಲ್ಲವೆಂದು ಪ್ರಮಾಣ ಮಾಡಿ ಹೇಳಿದರು. ನ್ಯಾಯಮೂರ್ತಿ ಜೆಫ್ರಿ ಲಾಕ್ ಅವರು ವೆಬ್‌ಸ್ಟರ್ ನಿಘಂಟನ್ನು ತೆರೆದು ನೋಡಿ, ಸ್ಯಾಂಡ್‌ವಿಚ್ ಎಂದರೆ ಎರಡು ತುಂಡು ಬ್ರೆಡ್ಡಿನ ನಡುವೆ ಏನನ್ನಾದರೂ ಇಟ್ಟದ್ದು, ಬುರಿಟೊ, ಭರ್ತಿಯ ಸುತ್ತ ಬಾಗಿಸಿದ ಟಾಕೊ ಮತ್ತು ಚೀಸಿಟ್ಟು ಮಡಿಚಿದ ಕೆಸಡಿಯಾಗಳಲ್ಲಿ ಇರುವುದು ಒಂದೇ ಟೋರ್ಟಿಯಾ, ಆದ್ದರಿಂದ ಇವು ಮೂರೂ ಸ್ಯಾಂಡ್‌ವಿಚ್ ಅಲ್ಲ ಎಂದು 2006ರ ಅಕ್ಟೋಬರಿನಲ್ಲಿ ತೀರ್ಮಾನಿಸಿದರು.

ಓದಿ ನನಗೆ ಮಹಾ ಸಮಾಧಾನವಾಯಿತು. ಕಾವಲಿಯ ಮೇಲಿದ್ದದ್ದು ಕೆಸಡಿಯಾ. ನ್ಯಾಯಾಲಯವೇ ಅದರ ಹೆಸರೆತ್ತಿ ಹೇಳಿದೆ. ಸ್ಯಾಂಡ್‌ವಿಚ್ ಮಾಡಿದ ಆರೋಪದಿಂದ ನಾನು ಮುಕ್ತ. ಆದರೆ ಸಮಾಧಾನವೆಂಬುದು ತೀರ್ಪನ್ನು ಒಮ್ಮೆ ಮಾತ್ರ ಓದುವವರ ಸ್ವತ್ತು. ನಾನು ಎರಡನೆಯ ಸಲ ಓದಿದೆ. ಎಲ್ಲವೂ ನಿಂತಿರುವುದು ತುಂಡುಗಳ ಲೆಕ್ಕದ ಮೇಲೆ. ಒಂದು ಟೋರ್ಟಿಯಾವನ್ನು ಮಡಿಚಿದರೆ ಕೆಸಡಿಯಾ, ಸರಿ. ಮಡಿಚುವ ಬದಲು ಎರಡು ಟೋರ್ಟಿಯಾಗಳನ್ನು ತೆಗೆದುಕೊಂಡು, ನಡುವೆ ಅದೇ ಚೀಸು ಹಾಕಿ, ಒಂದರ ಮೇಲೊಂದು ಇಟ್ಟು ಬೇಯಿಸಿದರೆ? ಮೆಕ್ಸಿಕೊದವರು ಇದಕ್ಕೂ ಒಂದು ಹೆಸರಿಟ್ಟಿದ್ದಾರೆ, ಸಿಂಕ್ರೊನಿಸಾಡಾ ಎಂದು. ನಡುವೆ ಚೀಸಿನ ಜೊತೆ ಹ್ಯಾಮನ್ನೂ ಇಡುವುದು ವಾಡಿಕೆ. ನಿಘಂಟಿನ ಪ್ರಕಾರ ಎರಡು ತುಂಡು, ನಡುವೆ ಭರ್ತಿ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಇದು ಸ್ಯಾಂಡ್‌ವಿಚ್ ಆಗಿಹೋಯಿತು. ಅದೇ ಹಿಟ್ಟು, ಅದೇ ಚೀಸು, ಅದೇ ಕಾವಲಿ, ಅದೇ ಹಸಿವು.

ಇಷ್ಟಕ್ಕೇ ನಿಲ್ಲಲಿಲ್ಲ. ಮಡಿಚಿದ ಕೆಸಡಿಯಾವನ್ನು ತಟ್ಟೆಗೆ ತೆಗೆದುಕೊಂಡು, ಮಡಿಕೆಯ ಗೆರೆಯುದ್ದಕ್ಕೂ ಚಾಕುವನ್ನು ಎಳೆದರೆ ಏನಾಗುತ್ತದೆ? ಮೇಲೊಂದು ತುಂಡು, ಕೆಳಗೊಂದು ತುಂಡು, ನಡುವೆ ಚೀಸು. ಚಾಕು ಮೇಲಿರುವಾಗ ಕೆಸಡಿಯಾ, ಕೆಳಗಿಳಿದ ಮೇಲೆ ಸ್ಯಾಂಡ್‌ವಿಚ್. ಹೋಟೆಲಿನವರು ಕೆಸಡಿಯಾವನ್ನು ಮಡಿಕೆಯಿಂದ ಅಂಚಿನತ್ತ ತ್ರಿಕೋನಗಳಾಗಿ ಕತ್ತರಿಸುತ್ತಾರೆಯೇ ಹೊರತು ಮಡಿಕೆಯನ್ನೇ ಸೀಳುವುದಿಲ್ಲ. ಅದು ಚೀಸು ಸೋರಬಾರದೆಂದು ಮಾಡುವ ಏರ್ಪಾಡೆಂದು ಇಷ್ಟು ದಿನ ಭಾವಿಸಿದ್ದೆ, ಈಗ ನೋಡಿದರೆ ಅದರಲ್ಲಿ ವಕೀಲರ ಸಲಹೆ ಇದ್ದಂತೆ ತೋರುತ್ತದೆ. ಚಾಕುವಿಗೆ ಇಂತಹ ಶಕ್ತಿಯಿರುವುದು ನನ್ನ ಕಲ್ಪನೆಯೆಂದು ತಳ್ಳಿಹಾಕುವ ಹಾಗಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡನ್ನು ಇಡಿಯಾಗಿ ಕಟ್ಟಿಸಿಕೊಂಡು ಹೋದರೆ ಮಾರಾಟ ತೆರಿಗೆಯಿಲ್ಲ. ಅಂಗಡಿಯವನು ಅದನ್ನು ಸೀಳಿ ಕೊಟ್ಟರೆ ತೆರಿಗೆ ಬೀಳುತ್ತದೆ. ಅಲ್ಲಿನ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಸ್ಯಾಂಡ್‌ವಿಚ್ ಎಂಬುದು ಬಲು ಉದಾರವಾದ ಪದ: ಬ್ರೆಡ್ಡಿನಲ್ಲಿರಲಿ, ಪಿಟಾದಲ್ಲಿರಲಿ, ಸುತ್ತಿದ್ದಿರಲಿ, ಭರ್ತಿ ಏನೇ ಇರಲಿ, ಪದರ ಎಷ್ಟೇ ಇರಲಿ, ಎಲ್ಲವೂ ಸ್ಯಾಂಡ್‌ವಿಚ್. ಇಲಾಖೆ ಕೊಟ್ಟ ಉದಾಹರಣೆಗಳ ಪಟ್ಟಿಯಲ್ಲಿ ಬುರಿಟೊ ಕೂಡ ಇದೆ. ಖಜಾನೆಗೆ ಕಾಸು ಬರುವ ದಾರಿಯಲ್ಲಿ ನಿಘಂಟು ಅಡ್ಡ ನಿಲ್ಲುವುದಿಲ್ಲ.

ಈ ಹಂತದಲ್ಲಿ ಅಡುಗೆಮನೆಯ ಬಾಗಿಲಿನಿಂದ ಮಗಳು ಇಣುಕಿ, "ಅಪ್ಪಾ, ಏನೋ ಸೀದ ವಾಸನೆ ಬರ್ತಿದೆ" ಎಂದಳು. ಬರುತ್ತಿತ್ತು. ಮೊದಲ ಟೋರ್ಟಿಯಾ ಒಂದು ಮಗ್ಗುಲಲ್ಲಿ ಇದ್ದಿಲಾಗಿತ್ತು. ಕಾವಲಿಯಿಂದ ಅದನ್ನು ಎಬ್ಬಿಸಿ ಬದಿಗಿಟ್ಟು, ಎರಡನೆಯದನ್ನು ಹಾಸಿ, ಉರಿ ತಗ್ಗಿಸಿ, ಕಡತವನ್ನು ಮುಂದುವರಿಸಿದೆ.

ಮ್ಯಾಸಚೂಸೆಟ್ಸಿನ ಇತ್ಯರ್ಥ ಹದಿನೆಂಟು ವರ್ಷವೂ ಸುಖವಾಗಿ ಬಾಳಲಿಲ್ಲ. 2024ರ ಮೇ ತಿಂಗಳಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ನಗರದಲ್ಲಿ ಅದೇ ಪ್ರಶ್ನೆ ಬೆನ್ನು ತಿರುಗಿಸಿಕೊಂಡು ಬಂದಿತು. ಅಲ್ಲೊಬ್ಬರು ಕಟ್ಟಿಸಿದ ಮಳಿಗೆ ಸಾಲಿನ ಜಾಗಕ್ಕೆ, ಗಿರಾಕಿ ಕೇಳಿದ ಮೇಲೆ ಸಿದ್ಧಪಡಿಸಿ ಕೊಡುವ ಸ್ಯಾಂಡ್‌ವಿಚ್‌ಗಳ ಹೋಟೆಲಿಗೆ ಮಾತ್ರ ಅವಕಾಶವೆಂಬ ಲಿಖಿತ ಒಪ್ಪಂದ ಅಂಟಿಕೊಂಡಿತ್ತು. ಅವರಿಗೆ ಬೇಕಾಗಿದ್ದದ್ದು ಟಾಕೊ ಹೋಟೆಲು. ಶ್ರೂಸ್‌ಬರಿಯಲ್ಲಿ ಸ್ಯಾಂಡ್‌ವಿಚ್ ಆಗಿದ್ದರೆ ಟೋರ್ಟಿಯಾಕ್ಕೆ ಬಾಗಿಲು ಮುಚ್ಚುತ್ತಿತ್ತು; ಇಲ್ಲಿ ಸ್ಯಾಂಡ್‌ವಿಚ್ ಆಗದಿದ್ದರೆ ಬಾಗಿಲು ಮುಚ್ಚುತ್ತದೆ. ನ್ಯಾಯಮೂರ್ತಿ ಕ್ರೇಗ್ ಬೋಬೆ ಅವರು ಟಾಕೊ ಮತ್ತು ಬುರಿಟೊಗಳು ಮೆಕ್ಸಿಕನ್ ಶೈಲಿಯ ಸ್ಯಾಂಡ್‌ವಿಚ್‌ಗಳೆಂದು ಒಪ್ಪಿಕೊಂಡರು. ಅಷ್ಟಕ್ಕೆ ಬಿಡದೆ, ಗ್ರೀಕರ ಯಿರೊ, ಭಾರತೀಯರ ನಾನ್ ಸುರುಳಿ, ವಿಯೆಟ್ನಾಮಿನ ಬಾನ್ ಮಿ ಇವುಗಳಿಗೂ ಅದೇ ಒಪ್ಪಂದದಡಿ ಅವಕಾಶವಿದೆಯೆಂದು ಜಗತ್ತಿನ ಅರ್ಧ ಅಡುಗೆಮನೆಯನ್ನು ಒಂದೇ ಏಟಿಗೆ ಸ್ಯಾಂಡ್‌ವಿಚ್ ಕುಲಕ್ಕೆ ಸೇರಿಸಿಕೊಂಡರು. ಎರಡೂ ಕಡೆ ಟೋರ್ಟಿಯಾ ಗೆದ್ದಿತು ಎಂಬುದನ್ನು ಮಾತ್ರ ಗಮನಿಸಬೇಕು: ಒಂದು ಕಡೆ ಸ್ಯಾಂಡ್‌ವಿಚ್ ಅಲ್ಲದ್ದರಿಂದ, ಇನ್ನೊಂದು ಕಡೆ ಸ್ಯಾಂಡ್‌ವಿಚ್ ಆದದ್ದರಿಂದ. ಇಂತಹ ವಾಕ್‌ಚಾತುರ್ಯ ವಕೀಲರಿಗೂ ಎಲ್ಲ ದಿನ ಒದಗುವುದಿಲ್ಲ.

ಫೋರ್ಟ್ ವೇನ್‌ನ ತೀರ್ಪಿನಲ್ಲಿ ಟಾಕೊ ಮತ್ತು ಬುರಿಟೊಗಳ ಹೆಸರಿದೆಯೇ ಹೊರತು ಕೆಸಡಿಯಾದ್ದಿಲ್ಲ. ಅಂದರೆ ಒಂದು ರಾಜ್ಯದಲ್ಲಿ ನನ್ನ ತಿಂಡಿ ಸ್ಯಾಂಡ್‌ವಿಚ್ ಅಲ್ಲವೆಂದು ಸ್ಪಷ್ಟವಾಗಿದೆ, ಇನ್ನೊಂದರಲ್ಲಿ ಅದರ ಸಂಗಾತಿಗಳಿಬ್ಬರು ಸ್ಯಾಂಡ್‌ವಿಚ್ ಆಗಿದ್ದಾರೆ, ಇದೊಂದು ಮಾತ್ರ ಅಂಗಳದಲ್ಲಿ ನಿಂತಿದೆ.

ಇನ್ನು ಕೇಂದ್ರದ ಕೃಷಿ ಇಲಾಖೆಯ ಬಾಗಿಲು ತಟ್ಟಿದೆ. ಮಾಂಸದ ಪದಾರ್ಥಗಳ ಚೀಟಿಯ ಮೇಲೆ ಏನು ಬರೆಯಬೇಕೆಂಬುದಕ್ಕೆ ಅವರಲ್ಲೊಂದು ಕೈಪಿಡಿಯಿದೆ. ಅದರಂತೆ ಬುರಿಟೊ ಎಂದರೆ ಮೆಕ್ಸಿಕನ್ ಶೈಲಿಯ, "ಸ್ಯಾಂಡ್‌ವಿಚ್‌ನಂತಹ" ಪದಾರ್ಥ. ಸ್ಯಾಂಡ್‌ವಿಚ್ ಅಲ್ಲ, ಅದರಂತಹದ್ದು. ಇಬ್ಬರು ನ್ಯಾಯಮೂರ್ತಿಗಳು ಎಳೆದಾಡಿದ ಪ್ರಶ್ನೆಯನ್ನು ಇಲಾಖೆಯ ಗುಮಾಸ್ತನೊಬ್ಬ ಒಂದೇ ಪ್ರತ್ಯಯದಲ್ಲಿ ಮುಗಿಸಿದ್ದಾನೆ. ಆತ ಯಾರೇ ಆಗಿರಲಿ, ನಾನು ಮನಸ್ಸಿನಲ್ಲೇ ಕೈ ಮುಗಿದೆ. ಆ ಬುರಿಟೊದಲ್ಲಿ ಕನಿಷ್ಠ ಶೇ. 15ರಷ್ಟು ಮಾಂಸವೋ ಶೇ. 10ರಷ್ಟು ಬೆಂದ ಕೋಳಿಯೋ ಇರಬೇಕು. ಸುತ್ತಿದ ಟೋರ್ಟಿಯಾದ ತುದಿಗಳನ್ನು ಒಳಕ್ಕೆ ತುರುಕಬಹುದು, ತುರುಕದೆಯೂ ಇರಬಹುದು. ಈ ಕೊನೆಯ ಸ್ವಾತಂತ್ರ್ಯವನ್ನು ಬರವಣಿಗೆಯಲ್ಲಿ ದಯಪಾಲಿಸಿದ್ದಾರೆಂಬುದು ಓದುವವರ ಗಮನಕ್ಕೆ.

ಅದೇ ಸರ್ಕಾರದಲ್ಲಿ ಇನ್ನೊಂದು ವ್ಯವಸ್ಥೆಯಿದೆ. ಮಾಂಸವಿಟ್ಟು ಮೇಲೆ ಮುಚ್ಚದೆ ಬಿಟ್ಟ ಸ್ಯಾಂಡ್‌ವಿಚ್ಚಿನ ತಪಾಸಣೆ ಕೃಷಿ ಇಲಾಖೆಯದ್ದು. ಎರಡು ತುಂಡು ಬ್ರೆಡ್ಡಿನ ನಡುವೆ ಮುಚ್ಚಿಟ್ಟದ್ದು ಆಹಾರ ಮತ್ತು ಔಷಧ ಆಡಳಿತದ್ದು. ಈ ತರ್ಕವನ್ನು ನನ್ನ ಕಾವಲಿಗೆ ಅನ್ವಯಿಸಿ ನೋಡಿದೆ. ಟೋರ್ಟಿಯಾ ಹಾಸಿ, ಅರ್ಧಕ್ಕೆ ಕೋಳಿಯ ಚೂರು ಹರಡಿ, ಚೀಸು ಬೆವರಲೆಂದು ಕಾಯುವ ಅರೆ ನಿಮಿಷದ ಹೊತ್ತು ಅದು ಒಂದು ಇಲಾಖೆಯ ಪ್ರಜೆ. ಸಟ್ಟುಗದಿಂದ ಇನ್ನರ್ಧವನ್ನು ಎತ್ತಿ ಮಡಿಚುವಾಗ ಗಾಳಿಯಲ್ಲಿ ಯಾರಿಗೂ ಸೇರದ ತ್ರಿಶಂಕು. ಮಡಿಚಿ ಅದುಮಿದೊಡನೆ ಇನ್ನೊಂದು ಇಲಾಖೆಗೆ ವರ್ಗಾವಣೆ. ವರ್ಗಾವಣೆಯ ಆದೇಶ ಕೈಸೇರುವವರೆಗೆ ಚೀಸು ಕಾಯಬೇಕಷ್ಟೆ. ಪುಣ್ಯಕ್ಕೆ ನನ್ನದು ಬೀನ್ಸಿನದು. ಮಾಂಸವಿಲ್ಲದ ಕಾರಣ ಕೃಷಿ ಇಲಾಖೆಯ ಹದ್ದುಗಣ್ಣಿಗೆ ಅದು ಬೀಳುವುದಿಲ್ಲ.

ಚೀಸಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಕೆಸಡಿಯಾಕ್ಕೆ ಬೇಕಾದದ್ದು ಚೆನ್ನಾಗಿ ಕರಗಿ ಎಳೆಯೆಳೆಯಾಗಿ ಬರುವ ಎಳೆ ಚೀಸು. ಮೆಕ್ಸಿಕೊದ ಒಆಹಾಕಾ ಚೀಸು, ಅಮೆರಿಕದ ಮಾಂಟೆರಿ ಜ್ಯಾಕ್ ಇಂತಹವು. ಹುಳಿ ಹಿಂಡಿ ಹಾಲೊಡೆಸಿ ಮಾಡಿದ ಚೀಸನ್ನು ಎಷ್ಟು ಹೊತ್ತು ಕಾಯಿಸಿದರೂ ಅದು ಕರಗದೆ, ನೀರು ಬಿಟ್ಟು, ಗಟ್ಟಿಯಾಗಿ ಕೂರುತ್ತದೆ. ಹಳೆಯ ಒಣ ಚೀಸು ಎಣ್ಣೆಯಾಗಿ ಒಡೆಯುತ್ತದೆ. ತುರಿದೇ ಪೊಟ್ಟಣದಲ್ಲಿ ಬರುವುದಕ್ಕೆ ಒಂದಕ್ಕೊಂದು ಅಂಟದಿರಲೆಂದು ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ, ಅದರಿಂದ ಕರಗುವಾಗ ತುಸು ಮೊಂಡು ಮಾಡುತ್ತದೆ. ಗಡ್ಡೆ ತಂದು ಮನೆಯಲ್ಲೇ ತುರಿದುಕೊಳ್ಳುವುದು ಮೇಲು. ಇದೆಲ್ಲ ಅಡುಗೆಯ ವಿಚಾರ. ಕಾನೂನಿನ ವಿಚಾರ ಬೇರೆ. ಅಮೆರಿಕದ ನಿಯಮಾವಳಿಯಲ್ಲಿ "ಪ್ರೋಸೆಸ್ ಚೀಸ್ ಫುಡ್" ಎಂಬ ಒಂದು ವರ್ಗವಿದ್ದು, ಆ ಹೆಸರು ಪಡೆಯಲು ಅದರ ತೂಕದಲ್ಲಿ ಶೇ. 51ಕ್ಕೆ ಕಡಿಮೆಯಿಲ್ಲದಷ್ಟು ಚೀಸು ಇರಬೇಕು. ಸದನದಲ್ಲಿ ವಿಶ್ವಾಸಮತ ಗೆಲ್ಲಲು ಸಾಕಾಗುವ ಬಹುಮತವೇ ಚೀಸಿಗೂ ಸಾಕೆಂದು ಯಾರೋ ಪ್ರಜಾಪ್ರಭುತ್ವವಾದಿ ತೀರ್ಮಾನಿಸಿರಬೇಕು. ಉಳಿದ ಶೇ. 49 ವಿರೋಧ ಪಕ್ಷ. ಅದು ಕರಗುವುದರಲ್ಲಿ ಆಡಳಿತ ಪಕ್ಷಕ್ಕಿಂತ ಮುಂದು.

ಹಾಗಾದರೆ ಕೆಸಡಿಯಾದಲ್ಲಿ ಚೀಸು ಎಷ್ಟು ಪಾಲು ಇರಬೇಕು? ಹೆಸರಿನೊಳಗೇ ಕೆಸೊ, ಅಂದರೆ ಚೀಸು, ಇರುವುದರಿಂದ ಪ್ರಶ್ನೆಯೇ ಅನಗತ್ಯವೆಂದುಕೊಂಡಿದ್ದೆ. ಆದರೆ ಈ ಪದಾರ್ಥ ಹುಟ್ಟಿದ ದೇಶದ ರಾಜಧಾನಿಯಲ್ಲೇ ಪರಿಸ್ಥಿತಿ ಬೇರೆಯಾಗಿದೆ. ಮೆಕ್ಸಿಕೊ ನಗರದ ಬೀದಿಬದಿಯಲ್ಲಿ ಅಣಬೆಯ ಕೆಸಡಿಯಾ ಕೇಳಿದರೆ ಅಣಬೆ ಬರುತ್ತದೆ, ಕುಂಬಳದ ಹೂವಿನದು ಕೇಳಿದರೆ ಹೂವು ಬರುತ್ತದೆ. ಚೀಸು ಬೇಕಿದ್ದರೆ "ಚೀಸು ಹಾಕಿ" ಎಂದು ಬಾಯಿಬಿಟ್ಟು ಹೇಳಬೇಕು. ದೇಶದ ಉಳಿದ ಭಾಗದವರಿಗೆ ಇದು ಸಹಿಸಲಾಗದ ಅನ್ಯಾಯ. ಚೀಸಿಲ್ಲದ ಕೆಸಡಿಯಾ ಇರಲು ಸಾಧ್ಯವೇ ಎಂಬ ಜಗಳ ಅಲ್ಲಿ ನಗೆಚಾಟಿಕೆಯ ವೇಷದಲ್ಲಿ ಶುರುವಾಗಿ ಊರಭಿಮಾನದ ರಣರಂಗವಾಗಿ ಮುಗಿಯುತ್ತದೆ. ನಾನು ರಾಜಧಾನಿಯ ಪಕ್ಷ ವಹಿಸುವುದಿಲ್ಲ, ಆದರೂ ಒಂದು ಮಾತು ಒಪ್ಪಬೇಕು: ಅವರು ತಮ್ಮ ಜಗಳವನ್ನು ಕಾವಲಿಯ ಎದುರು ನಿಂತು, ತಿನ್ನುತ್ತಲೇ ಆಡುತ್ತಾರೆ, ಪ್ರಮಾಣಪತ್ರ ಸಲ್ಲಿಸಿ ಅಲ್ಲ.

ಇಷ್ಟರಲ್ಲಿ ಎರಡನೆಯ ಟೋರ್ಟಿಯಾ ಹದವಾಗಿ ಬೆಂದಿತ್ತು. ತಟ್ಟೆಗಿಳಿಸಿ ಕೈಗೆತ್ತಿಕೊಂಡವನು ಗೋಡೆಯ ಕ್ಯಾಲೆಂಡರು ನೋಡಿ ನಿಂತೆ. ಮಂಗಳವಾರ. ಮಡಿಚಿದ ಟೋರ್ಟಿಯಾವನ್ನು ಕೈಯಲ್ಲಿ ಹಿಡಿದು ತಿನ್ನುವವನನ್ನು ಮಂಗಳವಾರ ಯಾರಾದರೂ ನೋಡಿ, ಅದನ್ನು ಟಾಕೊ ಎಂದು ಭ್ರಮಿಸಿ, ಆ ದಿನಕ್ಕೂ ಈ ತಿಂಡಿಗೂ ಸಂಬಂಧ ಕಲ್ಪಿಸಿ ಎರಡು ಪದ ಒಟ್ಟಿಗೆ ಉಚ್ಚರಿಸಿದರೆ? ವಯೋಮಿಂಗ್ ರಾಜ್ಯದ ಟಾಕೊ ಜಾನ್ಸ್ ಎಂಬ ಸರಣಿ ಹೋಟೆಲು "ಟಾಕೊ ಟ್ಯೂಸ್‌ಡೇ" ಎಂಬ ನುಡಿಗಟ್ಟನ್ನು 1989ರಲ್ಲಿ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿತು. ಮಂಗಳವಾರ ಸೃಷ್ಟಿಯಾದದ್ದು ಅವರಿಂದಲ್ಲ, ಟಾಕೊ ಕೂಡ ಅಲ್ಲ. ನಡುವಿನ ಖಾಲಿ ಜಾಗ ಮಾತ್ರ ಅವರದ್ದೆಂದು ತಿಳಿಯಬೇಕು. ನ್ಯೂ ಜೆರ್ಸಿ ರಾಜ್ಯದ ಮಟ್ಟಿಗೆ ಆ ಖಾಲಿ ಜಾಗಕ್ಕೆ ಬೇರೊಬ್ಬ ಹೋಟೆಲಿನವರು ಒಡೆಯರಾಗಿದ್ದರು. ಉಳಿದ ಹೋಟೆಲುಗಳು ಆ ಎರಡು ಪದಗಳನ್ನು ಹಲಗೆಯ ಮೇಲೆ ಬರೆದರೆ ನೋಟಿಸು ಬರುತ್ತಿತ್ತು. ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಅವರ ಕಡೆಯವರು 2019ರಲ್ಲಿ ಅದೇ ನುಡಿಗೆ ಅರ್ಜಿ ಹಾಕಿದಾಗ, ಇದು ಜನರ ಬಾಯಲ್ಲಿ ಸಾಮಾನ್ಯವಾಗಿ ಓಡಾಡುವ ಮಾತೆಂದು ಹೇಳಿ ಕಚೇರಿ ತಿರಸ್ಕರಿಸಿತು. ಸಾಮಾನ್ಯವಾದ ಮಾತು ಹೊಸಬರಿಗೆ ಕೊಡಲು ಬರುವುದಿಲ್ಲ, ಹಳಬರ ಬಳಿ ಇದ್ದರೆ ಇರಲಿ ಎಂಬ ಧೋರಣೆ. ಕೊನೆಗೆ 2023ರ ಮೇ ತಿಂಗಳಲ್ಲಿ ಟಾಕೊ ಬೆಲ್ ಎಂಬ ದೈತ್ಯ ಸಂಸ್ಥೆ, ಮಂಗಳವಾರವನ್ನು ಜನರಿಗೆ ಬಿಡಿಸಿಕೊಡಲು ಪಣತೊಟ್ಟ ವಿಮೋಚನಾ ಸೇನೆಯ ಠೀವಿಯಲ್ಲಿ, ಆ ನೋಂದಣಿಯ ರದ್ದತಿಗೆ ಅರ್ಜಿ ಹಾಕಿತು. ಜುಲೈನಲ್ಲಿ ಟಾಕೊ ಜಾನ್ಸ್ ಕೈಚೆಲ್ಲಿತು. ಅಕ್ಟೋಬರಿನಲ್ಲಿ ನ್ಯೂ ಜೆರ್ಸಿಯವರೂ ಬಿಟ್ಟುಕೊಟ್ಟರು. ಅಂದಿನಿಂದ ಮಂಗಳವಾರ ಸ್ವತಂತ್ರವಾಗಿದೆ. ಬುಧವಾರದ ಸ್ಥಿತಿಗತಿಯ ಬಗ್ಗೆ ನಾನು ಇನ್ನೂ ವಿಚಾರಿಸಿಲ್ಲ.

ಇದನ್ನೆಲ್ಲ ಖಚಿತಪಡಿಸಿಕೊಂಡು ತಟ್ಟೆಯತ್ತ ತಿರುಗಿದಾಗ ಕೆಸಡಿಯಾ ಆರಿ, ಚೀಸು ರಬ್ಬರಾಗಿ, ಮೇಲಿನ ಪದರ ಚರ್ಮದಂತಾಗಿತ್ತು. ಪೊಟ್ಟಣದಲ್ಲಿ ಮೈದಾದ್ದು ಮುಗಿದಿತ್ತು. ಉಳಿದಿದ್ದದ್ದು ಮೆಕ್ಕೆಜೋಳದ ಟೋರ್ಟಿಯಾ, ಅದೂ ಎರಡು ದಿನದ್ದು. ಮೈದಾದಲ್ಲಿ ಅಂಟಿನಂಶವಿರುವುದರಿಂದ ಹೇಗೆ ಬೇಕಾದರೂ ಬಳುಕುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ ಜೋಳದ್ದು ತಣ್ಣಗಾದಂತೆ ಬಿರುಸಾಗಿ, ಕಾಯಿಸದೆ ಮಡಿಚಿದರೆ ಮಧ್ಯಕ್ಕೆ ಪಟ್ಟೆಂದು ಮುರಿಯುತ್ತದೆ. ಮುರಿಯಿತು. ಎರಡು ತುಂಡು. ನಾನು ವೂಸ್ಟರಿನ ತೀರ್ಪಿನ ಕಡೆಗೆ ಗಾಬರಿಯಿಂದ ನೋಡಿದೆ.

ಆಗ ನೆನಪಾದವರು ಇಗ್ನಾಸಿಯೊ ಅನಾಯಾ. ಅಮೆರಿಕದ ಗಡಿಗೆ ಅಂಟಿಕೊಂಡ ಪಿಯೆದ್ರಾಸ್ ನೆಗ್ರಾಸ್ ಎಂಬ ಮೆಕ್ಸಿಕನ್ ಪಟ್ಟಣದ ಹೋಟೆಲೊಂದರಲ್ಲಿ ಗಿರಾಕಿಗಳನ್ನು ಕೂರಿಸಿ ಉಪಚರಿಸುವ ಕೆಲಸ ಅವರದು. 1940ರ ದಶಕದ ಮೊದಲ ವರ್ಷಗಳ ಒಂದು ದಿನ ಗಡಿಯಾಚೆಯ ಕೆಲವು ಹೆಂಗಸರು ಹಸಿದು ಬಂದು ಕೂತರು. ಅಡುಗೆಯವನು ಎಲ್ಲಿಯೂ ಕಾಣಲಿಲ್ಲ. ಅನಾಯಾ ತಾವೇ ಒಳಗೆ ಹೋಗಿ, ಕೈಗೆ ಸಿಕ್ಕ ಟೋರ್ಟಿಯಾವನ್ನು ತುಂಡು ಮಾಡಿ ಕರಿದು, ಮೇಲೆ ಚೀಸು ತುರಿದು, ಅದು ಕರಗುವಷ್ಟು ಕಾಯಿಸಿ, ಹಲಪೆನ್ಯೊ ಮೆಣಸಿನಕಾಯಿಯ ಬಿಲ್ಲೆಗಳನ್ನಿಟ್ಟು ತಂದುಕೊಟ್ಟರು. ಇಗ್ನಾಸಿಯೊ ಎಂಬವರನ್ನು ಆಪ್ತವಾಗಿ ನಾಚೊ ಎನ್ನುತ್ತಾರಾದ್ದರಿಂದ ತಟ್ಟೆಗೂ ಅದೇ ಹೆಸರಾಯಿತು. ಅವರು ಒಳಗೆ ಹೋದಾಗ ನಿಘಂಟು ಒಯ್ದಿರಲಿಲ್ಲ. 1976ರಲ್ಲಿ ಟೆಕ್ಸಸ್ಸಿನ ಆರ್ಲಿಂಗ್ಟನ್ ಕ್ರೀಡಾಂಗಣದಲ್ಲಿ ಫ್ರ್ಯಾಂಕ್ ಲಿಬರ್ಟೊ ಎಂಬವರು, ಸಾಲು ಬೇಗ ಕರಗಲೆಂದು, ಕಾಯಿಸುವ ಗೋಜಿಲ್ಲದೆ ಸುರಿಯಬಹುದಾದ ಚೀಸ್ ಸಾಸಿನೊಂದಿಗೆ ಅದನ್ನು ಮಾರಲು ಶುರುಮಾಡಿದರು.

ನಾನೂ ಮುರಿದ ಟೋರ್ಟಿಯಾವನ್ನು ಇನ್ನಷ್ಟು ಮುರಿದೆ. ಎಂಟು ತ್ರಿಕೋನಗಳಾದವು. ಎರಡು ಚಮಚ ಎಣ್ಣೆಯಲ್ಲಿ ಗರಿಯಾಗುವವರೆಗೆ ಹೊರಳಿಸಿ, ಉಳಿದ ಚೀಸು ಹರಡಿ, ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಟ್ಟು, ಮೆಣಸಿನಕಾಯಿಯ ಬಿಲ್ಲೆಗಳನ್ನು ಒಂದೊಂದರ ಮೇಲೆ ಇಟ್ಟುಕೊಂಡು ಬಂದೆ. ಏಳಕ್ಕೆ ಸಾಕಾದವು, ಎಂಟನೆಯದಕ್ಕೆ ಇರಲಿಲ್ಲ.

ಮಗಳು ಮತ್ತೆ ಬಂದು ಮೇಜಿನೆದುರು ಕೂತು, "ಇದಕ್ಕೇನಂತಾರೆ ಅಪ್ಪಾ?" ಎಂದು ಕೇಳಿದಳು. ಇಂತಹ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಮೊದಲು ಶ್ರೂಸ್‌ಬರಿಯ ಬಾಡಿಗೆ ಕರಾರಿನ ಹಿನ್ನೆಲೆಯನ್ನು ವಿವರಿಸಿ, ಅಲ್ಲಿಂದ ಫೋರ್ಟ್ ವೇನ್‌ಗೆ ಬಂದು, ತುಂಡುಗಳ ಸಂಖ್ಯೆ ಎಂಟಾದಾಗ ಎರಡು ತುಂಡಿನ ಸೂತ್ರ ಹೇಗೆ ಅನ್ವಯವಾಗುತ್ತದೆಂಬುದನ್ನು ಹೇಳಿ ತಲೆಯೆತ್ತಿದೆ. ತಟ್ಟೆಯಲ್ಲಿ ಮೆಣಸಿನಕಾಯಿಯಿಲ್ಲದ ಆ ಒಂದು ಚೂರು ಮಾತ್ರ ಉಳಿದಿತ್ತು. ಮೆಣಸಿನಕಾಯಿಯಿಲ್ಲದಿದ್ದರೆ ಅದನ್ನು ನಾಚೊ ಎನ್ನಬಹುದೇ ಎಂಬ ಬಗ್ಗೆ ನ್ಯಾಯಾಲಯದ ಸ್ಪಷ್ಟ ಆದೇಶ ನನ್ನ ಕಡತದಲ್ಲಿರಲಿಲ್ಲ. ಹುಡುಕಿ ಬರುವಷ್ಟರಲ್ಲಿ ಅದೂ ಇರಲಿಲ್ಲ.